ಕುದುರೆಯ ಎರಡು ಮಗ್ಗುಲು

ಮೊದಲ ವರ್ಷ ಹಣವಿತ್ತು.
ತೊಂಬತ್ತು ಕಿಲೋ ತೂಗುವ ಪೆಟ್ಟಿಗೆ ಕಟ್ಟಿದರು:
ಎರಡು ಕ್ಯಾಮೆರಾ, ಗಾಳಿ ಅಳೆಯುವ ಬಟ್ಟಲು,
ಯಾರು ಕೇಳಿದ್ದರೋ ನೆನಪಿಲ್ಲ, ಒಂದು ಮೈಕು ಕೂಡ.
ಬಿಷ್ಕೆಕ್‌ನ ಸಂಸ್ಥೆಯ ಎರಡನೆಯ ಮಹಡಿಯಲ್ಲಿ
ಅದು ಸೊಗಸಾಗಿ ಕೆಲಸ ಮಾಡಿತು.
ಈಗಲೂ ಅಲ್ಲೇ ಇದೆ, ಮೇಲೊಂದು ಹೂಕುಂಡ.

ಎರಡನೆಯ ವರ್ಷ ಬೆಗಿಮಾಯ್ ಎಸೆನೋವಾ
ಒಂದು ಹಾಳೆಯನ್ನು ಬಾಗಿಲಿಗೆ ಅಂಟಿಸಿದಳು, ಒಳಗಡೆಯಿಂದ,
ಹೊರಹೋಗುವವರ ಕಣ್ಣಿನ ಎತ್ತರಕ್ಕೆ:

ಕೆರೆಗೆ ರಸ್ತೆಯಿಲ್ಲ. ಒಂದು ಕುದುರೆ.
ಡೇರೆ, ಹಿಟ್ಟು, ಹಗ್ಗ ಹೇರಿ ಉಳಿದ ಜಾಗ ನಮ್ಮದು.
ಚಳಿ, ಸೊನ್ನೆಗಿಂತ ನಲವತ್ತು ಕೆಳಗೆ.
ಕೈಗವಸು ತೆಗೆಯದೆ ಜೋಡಿಸಬೇಕು.
ಉಪಗ್ರಹ ಗಂಟೆಗೊಮ್ಮೆ ಕಿವಿಗೊಡುತ್ತದೆ, ಹದಿನಾಲ್ಕು ಬೈಟಿಗೆ ಮಾತ್ರ.
ಹಿಮದ ಒಡ್ಡು ಯಾವ ಜುಲೈಯಲ್ಲಾದರೂ ಒಡೆಯಬಹುದು.
ಕೆಳಗೆ ಎಂಬತ್ತು ಮನೆ.

ಕೊನೆಯ ಸಾಲಿನ ಪಕ್ಕ ಮಾತ್ರ
ಹೆಚ್ಚುಕಡಿಮೆ ಎಂದು ಬರೆಯಲು ಬರುವಂತಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು
ನಾವು ಮಕ್ಕಳಿಗೆ ಹೇಳುತ್ತೇವೆ.
ಅಲ್ಲಿ ಹಾಸಿಗೆಯೇ ಇರಲಿಲ್ಲ,
ಕಾಲನ್ನೇ ಮೊದಲಿಂದ ಕಂಡುಹಿಡಿಯಬೇಕಿತ್ತು.

ಸಣ್ಣ ತಿರುಪುಗಳು ಹೋದವು:
ಕೈಗವಸಿಗೆ ಸಿಗದ್ದು ಹಿಮದಲ್ಲಿ ಬಿದ್ದರೆ ಸಿಕ್ಕೀತೆ?
ಬದಲಿಗೆ ಬಂತು ಹೆಬ್ಬೆರಳಗಲದ ಚಿಲಕ,
ಯಾರದೋ ಅಜ್ಜಿಯ ಸಂದೂಕದ್ದು.
ಕ್ಯಾಮೆರಾ ಹೋದ ದಿನ ಎರ್ಮೆಕ್ ಊಟಕ್ಕೆ ಬರಲಿಲ್ಲ.
ಅದಕ್ಕಾಗಿ ಹನ್ನೊಂದು ತಿಂಗಳು ಬರೆದ ಕೋಡು
ಅವನ ಲ್ಯಾಪ್‌ಟಾಪಿನಲ್ಲಿ ಹಾಗೇ ಇದೆ, ಒಂದೂ ತಪ್ಪಿಲ್ಲದೆ.
ವರದಿಯಲ್ಲಿ ಇದಕ್ಕೆ ಅಂಕಣವಿಲ್ಲ.

ತೂಕ ಮೂವತ್ತೆಂಟಕ್ಕೆ ಬಂದು ನಿಂತಿತು.
ಒಂದು ನಡುಕ ಉಳಿಯಿತು,
ತೊಟ್ಟಿಯ ನೀರು ಅಲುಗದಿದ್ದರೂ
ಅಂಕಿಗಳು ಅಲುಗುತ್ತಿದ್ದವು.
ಬೆಗಿಮಾಯ್ ಮೂರು ವಾರ ಸೋಸಿದಳು,
ಲೆಕ್ಕದಿಂದ, ತಾಮ್ರದ ಹೊದಿಕೆಯಿಂದ, ಬೈಗುಳದಿಂದ.

ಆಮೇಲೆ ಬಂದವನು ಸಪರ್‌ಬೆಕ್, ಕುದುರೆಯವನು.
ಪೆಟ್ಟಿಗೆಯನ್ನು ಎತ್ತಿ ನೋಡಿ ಕೆಳಗಿಟ್ಟ.
"ಇದರ ಜೋಡಿ ಎಲ್ಲಿ?"
ಜೋಡಿ ಇಲ್ಲ ಎಂದರು.
"ಒಂದೇ ಮಗ್ಗುಲಿಗೆ ಹೇರಿದರೆ ಜೀನು ಉರುಳುತ್ತದೆ.
ಇನ್ನೊಂದು ಬದಿಗೆ ಕಲ್ಲು ಕಟ್ಟುತ್ತೀರೇನು?
ಕಲ್ಲು ಹೊರಲು ನನ್ನ ಕುದುರೆ ಏನು ಪಾಪ ಮಾಡಿದೆ?"

ಆ ರಾತ್ರಿ ಪೆಟ್ಟಿಗೆಯನ್ನು ಸೀಳಿದರು.
ಈ ಬದಿಗೆ ಬ್ಯಾಟರಿ, ಆ ಬದಿಗೆ ಅಳೆಯುವ ಕಣ್ಣು,
ನಡುವೆ ಆರು ಮೀಟರ್ ತಂತಿ.
ಹತ್ತೊಂಬತ್ತು, ಹತ್ತೊಂಬತ್ತು.
ಮೇಲೆ, ಕೆರೆಯ ದಂಡೆಯಲ್ಲಿ,
ಬ್ಯಾಟರಿಯನ್ನು ಚಳಿಗೆ ಹೆದರಿ ಮಣ್ಣಲ್ಲಿ ಹೂತು
ಸ್ವಿಚ್ಚು ಒತ್ತಿದರೆ
ನಡುಕವಿಲ್ಲ.

ಇಷ್ಟು ದಿನ ವಿದ್ಯುತ್ತು ಪಕ್ಕದಲ್ಲೇ ಕೂತು
ಗುಂಯ್‌ಗುಟ್ಟಿ ಕಣ್ಣಿನ ಕಿವಿ ಕೆಡಿಸಿತ್ತು.
ಕುದುರೆಯ ಬೆನ್ನೆಲುಬು ನಡುವೆ ನಿಂತು ಜಗಳ ಬಿಡಿಸಿತು.

ಇನ್ನು ಆ ಹದಿನಾಲ್ಕು ಬೈಟು.
ಕಂದಪದ್ಯಕ್ಕೆ ಅರವತ್ತನಾಲ್ಕು ಮಾತ್ರೆ,
ಅಷ್ಟರಲ್ಲೇ ಒಂದು ಯುದ್ಧ ನಡೆದು ಮುಗಿದದ್ದುಂಟು.
ಇಲ್ಲಿ ನೀರಿನ ಮಟ್ಟಕ್ಕೆ ನಾಲ್ಕು, ಗಡಿಯಾರಕ್ಕೆ ನಾಲ್ಕು,
ಒತ್ತಡಕ್ಕೆರಡು, ತಾಪಕ್ಕೆರಡು, ಬ್ಯಾಟರಿಗೊಂದು.
ಉಳಿದ ಒಂದನ್ನು ಎರ್ಮೆಕ್‌ಗೆ ಬಿಟ್ಟರು.

ಅವನು ನಾಲ್ಕು ಗ್ರಾಮಿನ ಬೆಳಕಿನ ಗುಂಡಿಯೊಂದನ್ನು ಬೆಸೆದ.
ಸೊನ್ನೆ ಎಂದರೆ ಕತ್ತಲು, ಇನ್ನೂರೈವತ್ತೈದು ಎಂದರೆ ಬಿಸಿಲು.
ಒಂದೇ ಚುಕ್ಕೆಯ ಕ್ಯಾಮೆರಾ.

ಜೂನಿನ ಒಂದು ದಿನ ಹನ್ನೆರಡು ಗಂಟೆಗೆ ಇನ್ನೂರ ನಲವತ್ತು.
ಒಂದಕ್ಕೆ ಸೊನ್ನೆ. ಎರಡಕ್ಕೆ ಸೊನ್ನೆ.
ಸಂಸ್ಥೆಯಲ್ಲಿ ಯಾರೂ ಕೂರಲಿಲ್ಲ.
ನೀರಿನ ಮಟ್ಟ ಸರಿಯಿದೆ, ಒತ್ತಡ ಸರಿಯಿದೆ,
ಹಾಗಾದರೆ ಹಗಲು ಎಲ್ಲಿ ಹೋಯಿತು?
ಮೂರಕ್ಕೆ ಇನ್ನೂರ ಹನ್ನೆರಡು.

ಸಂಜೆ ಸಪರ್‌ಬೆಕ್ ಫೋನಿಗೆ ಸಿಕ್ಕ.
ಹೌದು, ಮೇಲೆ ಹೋಗಿದ್ದೆ, ತಪ್ಪಿಸಿಕೊಂಡ ಮರಿ ಹುಡುಕಲು.
ಊಟ ಮಾಡಿ ಸ್ವಲ್ಪ ಮಲಗಿದೆ.
ಟೋಪಿಯನ್ನು ನಿಮ್ಮ ಯಂತ್ರದ ಮೇಲಿಟ್ಟಿದ್ದೆ,
ಅದರ ತಲೆ ಅಳತೆಗೆ ಸರಿಯಾಗಿತ್ತು.

ಎರ್ಮೆಕ್ ದಾಖಲೆಯಲ್ಲಿ ಆ ಎರಡು ಸೊನ್ನೆಗಳ ಪಕ್ಕ
ಟೋಪಿ ಎಂದು ಬರೆದ.